ಪಿಜ್ಜಾ ಮಾಡಿದವರೇ ತಿನ್ನಬೇಕು

ನಮ್ಮ ಮನೆಯ ಭಾನುವಾರದ ಪಿಜ್ಜಾಕ್ಕೆ ಒಂದೇ ಒಂದು ರೂಲು: ಮಾಡಿದವರೇ ತಿನ್ನಬೇಕು. ರೂಲು ಮಾಡಿದ್ದು ನಾನು. ಮುರಿದದ್ದು, ಒಬ್ಬರನ್ನು ಬಿಟ್ಟು, ಮಿಕ್ಕವರೆಲ್ಲರೂ.

ಇದರಲ್ಲಿ ಅಂಥ ಕಷ್ಟ ಏನಿದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪೀಣ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ತಲೆ ನರೆಯುವವರೆಗೂ ಕೆಲಸ ಮಾಡಿದವನು ನಾನು. ಅಲ್ಲಿ ಲೇತ್ ಮೇಲೆ ಯಾರು ಯಾವ ತುಂಡು ಕಡೆದರೋ ಅದಕ್ಕೆ ಅವರೇ ಹೊಣೆ. ಅದಕ್ಕೂ ಮುಂಚೆ ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಊಟದ ಹಾಲಿನ ಬಾಗಿಲಿಗೆ ಒಬ್ಬರು ಫಾದರ್ ನಿಂತಿರುತ್ತಿದ್ದರು. ಖಾಲಿ ತಟ್ಟೆ ತೋರಿಸಿದವನು ಆಟಕ್ಕೆ, ತೋರಿಸದವನು ವಾಪಸ್ ಬೆಂಚಿಗೆ. ಇಂಥ ಎರಡು ಕಡೆ ಪಳಗಿ ಬಂದವನ ಮನೆಯಲ್ಲಿ ಮೊಮ್ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಪಿಜ್ಜಾದ ಮೇಲೆ ಸುರಿದು, ಒಂದು ಕಡೆ ಕಚ್ಚಿ, ಬಿಟ್ಟು ಎದ್ದುಹೋಗುವುದೆಂದರೇನು?

ನನ್ನ ಹೆಂಡತಿ ಮಾತ್ರ ಮೊದಲ ದಿನವೇ ಎಚ್ಚರಿಸಿದ್ದಳು. "ರೀ, ಮಕ್ಕಳು ಬರೋದು ವಾರಕ್ಕೆ ಒಂದು ದಿನ. ಆ ದಿನಾನೂ ಹೀಗೆ ರೂಲು ಹೇಳ್ತಾ ಕೂತ್ರೆ ಬರೋದೇ ನಿಲ್ಲಿಸ್ತಾರೆ ನೋಡ್ತಿರಿ."

"ಬರದೆ ಎಲ್ಲಿ ಹೋಗ್ತಾರೆ?" ಎಂದಿದ್ದೆ. ಮಕ್ಕಳು ದೊಡ್ಡವರಾಗುತ್ತಾರೆ ಎಂಬ ವಿಷಯ ಆಗ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಬೇಕರಿಯವರ ಪಾಲು

ಮೊಮ್ಮಗ ಆಗ ಎರಡನೇ ಕ್ಲಾಸು. ಮಗಳು, ಅಳಿಯ ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಕೆಂಗೇರಿಯಿಂದ ಪ್ರತಿ ಭಾನುವಾರ ಬಸವೇಶ್ವರನಗರದ ನಮ್ಮ ಮನೆಗೆ ಬರುತ್ತಿದ್ದರು. ಹುಡುಗ ಬಂದವನೇ ಸೋಫಾದ ಮೇಲೆ ಬಿದ್ದುಕೊಂಡು, "ಅಜ್ಜಿ, ಪಿಜ್ಜಾ ಆರ್ಡರ್ ಮಾಡೋಣ" ಎಂದು ರಾಗ ತೆಗೆಯುತ್ತಿದ್ದ.

"ಈ ಮನೇಲಿ ಊಟ ಗೇಟಿಂದ ಒಳಗೆ ಬರಲ್ಲ, ಅಡಿಗೆಮನೆಯಿಂದ ಹೊರಗೆ ಬರುತ್ತೆ. ಬೇಕಿದ್ರೆ ಎದ್ದು ಮಾಡು" ಎಂದೆ ನಾನು.

ನಮ್ಮಲ್ಲಿ ಓವನ್ ಇಲ್ಲ. ದೋಸೆ ಕಾವಲಿ ಇದೆ, ಅದರ ಮೇಲೆ ಮುಚ್ಚಲು ಒಂದು ಹಳೇ ಪಾತ್ರೆಯ ಮುಚ್ಚಳ ಇದೆ. ಮೂಲೆಯ ಬೇಕರಿಯಿಂದ ಪಿಜ್ಜಾ ಬೇಸು ತಂದೆವು. ಮೇಲೆ ಸಾಸು, ಈರುಳ್ಳಿ, ಟೊಮೆಟೊ, ದಪ್ಪ ಮೆಣಸಿನಕಾಯಿ, ಚೀಸು. ಸಣ್ಣ ಉರಿಯಲ್ಲಿ ಚೀಸು ಕರಗುವ ತನಕ ಮುಚ್ಚಿಟ್ಟರೆ ಆಯಿತು. ಇದಕ್ಕಿಂತ ಸುಲಭದ ತಿಂಡಿ ಇಲ್ಲ.

ಸುಲಭ ಎಂದೇ ಎಡವಟ್ಟಾಯಿತು. ನಾನು ಕಾವಲಿ ಒರೆಸಿ ತಿರುಗುವಷ್ಟರಲ್ಲಿ ಹುಡುಗ ಕೈಗೆಟುಕಿದ ಡಬ್ಬಗಳನ್ನೆಲ್ಲ ತೆಗೆದಿದ್ದ. ಖಾರಾ ಬೂಂದಿ, ಕಡಲೆಪುರಿ, ಬಾಳೆಹಣ್ಣು, ಅದರ ಮೇಲೆ ಅವರಜ್ಜಿಯ ನಿಂಬೆಕಾಯಿ ಉಪ್ಪಿನಕಾಯಿ. ಬೆಂದಿತು. ಕಚ್ಚಿದ. ಮುಖ ಹಿಂಡಿದ ನಿಂಬೆಹಣ್ಣಾಯಿತು.

"ತಾತ, ಹಸುಗೆ ಹಾಕ್ಲಾ?"

ಈ ಹಸುವಿನ ಬಗ್ಗೆ ಹೇಳಬೇಕು. ನಮ್ಮ ಕ್ರಾಸಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಕಂದು ಹಸು ಬರುತ್ತದೆ. ಪ್ರತಿ ಗೇಟಿನ ಮುಂದೂ ನಿಂತು, ಕೊಟ್ಟದ್ದನ್ನು ತಿಂದು, ಮುಂದಿನ ಗೇಟಿಗೆ ಹೋಗುತ್ತದೆ. ತರಕಾರಿ ಸಿಪ್ಪೆ, ಬಾಡಿದ ಹೂವಿನ ಹಾರ, ಹಬ್ಬದ ಬಾಳೆಕಂದು, ಮದುವೆ ಕಾಗದ ಎಲ್ಲ ಅದಕ್ಕೆ ಒಂದೇ. ಒಮ್ಮೆ ಎದುರು ಮನೆಯವರು ಕಾಂಪೌಂಡಿನ ಮೇಲೆ ಒಣಗಲು ಹಾಕಿದ್ದ ಕಾಲೊರಸನ್ನೂ ಅರ್ಧ ಮುಗಿಸಿತ್ತು. ಅದು ಬೇಡ ಎಂದದ್ದನ್ನು ಯಾರೂ ಕಂಡಿರಲಿಲ್ಲ.

"ಹಸು ಮಾಡಿದ್ದಾ?" ಎಂದು ಕೇಳಿದೆ.

"ಇಲ್ಲ."

"ಮತ್ತೆ ಅದ್ಯಾಕೆ ತಿನ್ನಬೇಕು? ಮಾಡಿದವರೇ ತಿನ್ನಬೇಕು." ಹೀಗೆ ಹುಟ್ಟಿತು ರೂಲು.

ಹುಡುಗ ತಟ್ಟೆಯಲ್ಲಿದ್ದುದನ್ನು ಬೆರಳಿಂದ ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ನಿಧಾನವಾಗಿ, "ತಾತ, ನಾನು ಮಾಡಿಲ್ಲ. ಬರೀ ಮೇಲೆ ಹಾಕಿದ್ದು. ಚೀಸ್ ತುರಿದಿದ್ದು ಅಮ್ಮ. ಉಪ್ಪಿನಕಾಯಿ ಮಾಡಿದ್ದು ಅಜ್ಜಿ. ಗ್ಯಾಸ್ ಹಚ್ಚಿದ್ದು ನೀವು. ಬೇಸ್ ಮಾಡಿದ್ದು ಬೇಕರಿ ಅಂಕಲ್. ಎಲ್ಲರೂ ತಿನ್ನಬೇಕು" ಎಂದ.

ನಾನೇ ಕಲಿಸಿದ ಹೊಣೆಗಾರಿಕೆಯ ಪಾಠ. ಇಲ್ಲ ಎನ್ನುವ ಹಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ತುಂಡು ಬಂತು. ಬೇಕರಿಯವರ ಪಾಲನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಹುಡುಗ ನನ್ನ ಕೈ ಹಿಡಿದು ಹೊರಟೇಬಿಟ್ಟ. ಬೇಕರಿಯವರು ಹಾಸನ ಕಡೆಯ ಮನುಷ್ಯ, ಬಾಯ್ತುಂಬ ಮಾತು. ಮಗು ಕೊಟ್ಟದ್ದು ಎಂದು ಕೌಂಟರಿನ ಹಿಂದೆ ನಿಂತೇ ಒಂದು ತುತ್ತು ತಿಂದರು. ಮಾತು ನಿಂತುಹೋಯಿತು. ಬೂಂದಿ, ಬಾಳೆಹಣ್ಣು, ಉಪ್ಪಿನಕಾಯಿ ಎಲ್ಲ ಒಳಗಿಳಿಯುವ ತನಕ ಕಣ್ಣು ಮುಚ್ಚಿಕೊಂಡಿದ್ದು, ಕೊನೆಗೆ ನನ್ನ ಕಡೆ ತಿರುಗಿ ಹೇಳಿದರು:

"ಸಾರ್, ಬೇಸು ಮಾತ್ರ ಚೆನ್ನಾಗಿದೆ."

ಅಳಿಯನ ಶೇಂಗಾ ಪುಡಿ

ಅಳಿಯ ಗದಗ ಕಡೆಯವನು. ನನ್ನೆದುರು ಮಾತು ಕಡಿಮೆ. ಎದುರಾಬದುರಾ ಕೂತರೆ "ಆರಾಮಿದೀರಿ ಮಾವಾರ?" ಎನ್ನುವನು, ನಾನು "ಹೂಂ" ಎನ್ನುವೆ, ಅಲ್ಲಿಗೆ ಆ ಭಾನುವಾರದ ಮಾತುಕತೆ ಮುಗಿಯಿತು.

ಒಂದು ವಾರ ಮಕ್ಕಳು ಅವನನ್ನೂ ಎಳೆದು ಕಾವಲಿಯ ಮುಂದೆ ನಿಲ್ಲಿಸಿದರು. ಅವನು ಸಾಸಿನ ಬಾಟಲಿಯನ್ನು ಮುಟ್ಟಲೇ ಇಲ್ಲ. "ಇದೇನ್ರೀ, ಸಿಹಿ ಸಿಹಿ" ಎಂದು ಪಕ್ಕಕ್ಕಿಟ್ಟು, ಅವರಮ್ಮ ಊರಿಂದ ಕಳಿಸಿದ್ದ ಶೇಂಗಾ ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬೇಸಿಗೆ ಬಳಿದ. ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಚೀಸು. ಮುಚ್ಚಳ ತೆಗೆದಾಗ ಬಂದ ಘಮಕ್ಕೆ ಪೇಪರ್ ಓದುತ್ತಿದ್ದ ನಾನು ಅದನ್ನು ಮಡಚಿದೆ.

ಅಲ್ಲಿಯವರೆಗೂ ನಮ್ಮ ಮನೆಯಲ್ಲಿ ರೂಲು ಮುರಿಯುತ್ತಿದ್ದುದು ತಾವು ಮಾಡಿದ್ದನ್ನು ತಿನ್ನಲಾರದವರು. ಅವತ್ತು ಮೊದಲ ಸಲ ಬೇರೆಯವರು ಮಾಡಿದ್ದನ್ನು ಬಿಡಲಾರದವರು ಮುರಿದರು. ಮೊಮ್ಮಗ ಒಂದು ತುಂಡು ಎತ್ತಿದ. ಮಗಳು "ಖಾರ ಎಷ್ಟಿದೆ ನೋಡ್ತೀನಿ, ಮಕ್ಕಳು ತಿನ್ನೋದಲ್ವಾ" ಎಂದು ಒಂದು ತುಂಡು. ನನ್ನ ಹೆಂಡತಿ "ಅಳಿಯಂದಿರು ಮೊದಲನೇ ಸಲ ಒಲೆ ಮುಂದೆ ನಿಂತಿದ್ದಾರೆ, ತಿನ್ನದಿದ್ರೆ ಬೇಜಾರು ಮಾಡ್ಕೋತಾರೆ" ಎಂದು ಒಂದು ತುಂಡು.

ಅಳಿಯ ಕೈಯಲ್ಲಿ ಖಾಲಿ ತಟ್ಟೆ ಹಿಡಿದುಕೊಂಡು, ಅಂಪೈರ್ ಕಡೆ ನೋಡುವ ಬೌಲರಿನ ಹಾಗೆ ನನ್ನ ಕಡೆ ನೋಡಿದ. "ಮಾವಾರ, ಮಾಡಿದವ್ರ ತಿನ್ನಬೇಕು ಅಂತ ನೀವ ಹೇಳಿದ್ರೆಲ್ಲ?"

"ಸರಿಯಾಗೇ ಹೇಳ್ತಿದ್ದೀಯ. ಯಾರೂ ಮುಟ್ಟಬೇಡಿ" ಎಂದು ಎದ್ದು ಬಂದೆ. ಕಾವಲಿಯ ಮೇಲೆ ಉಳಿದದ್ದು ಒಂದೇ ತುಂಡು. ಅಂಚು ಬೆಂದಿದೆಯೋ ಇಲ್ಲವೋ ಎಂದು ನೋಡುವ ಸಲುವಾಗಿ ಎತ್ತಿಕೊಂಡೆ. ಬೆಂದಿತ್ತು. ಮಧ್ಯಭಾಗವನ್ನೂ ನೋಡಬೇಕಾಯಿತು. ಅದೂ ಬೆಂದಿತ್ತು.

"ಚೆಕ್ ಮಾಡಿದೆ ಅಷ್ಟೆ. ಪಾಸು" ಎಂದು ಕೈ ಒರೆಸಿಕೊಂಡೆ.

ಮದುವೆಯಾದಾಗಿನಿಂದ ನನ್ನೆದುರು ಎರಡನೇ ವಾಕ್ಯ ಆಡದಿದ್ದ ಮನುಷ್ಯ ಅವತ್ತು ಆಡಿದ.

"ಮಾವಾರ, ಫ್ಯಾಕ್ಟರಿಯೊಳಗ ಚೆಕ್ ಮಾಡಿದ ಮಾಲು ವಾಪಸ್ ಕೊಡ್ತಿದ್ರಿಲ್ಲೋ?"

ಗಂಟೆ ಬಾರಿಸಿದರೆ

ಎದುರು ಮನೆಯ ಆಂಟಿ ಎಂದರೆ ಮಕ್ಕಳಿಗೆ ಬಲು ಇಷ್ಟ. ಆಂಟಿ ಎಂದದ್ದು ಮಕ್ಕಳ ಮಾತು. ಅವರಿಗೆ ನನ್ನಷ್ಟೇ ವಯಸ್ಸು. ಹಣೆ ತುಂಬ ವಿಭೂತಿ, ದೇವರಿಗೆ ತೋರಿಸದೆ ಬಾಯಿಗೆ ಒಂದು ದ್ರಾಕ್ಷಿಯನ್ನೂ ಹಾಕದವರು. ಪಿಜ್ಜಾ ಹೇಗೆ ಮಾಡುತ್ತಾರೆ ನೋಡಿ ಹೋಗೋಣ ಎಂದು ಬಂದವರ ಕೈಗೆ ಮಕ್ಕಳು ಬೇಸು ಕೊಟ್ಟೇಬಿಟ್ಟರು.

ಅವರದು ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಸಾಸು ಅಂಗಡಿಯದು ಎಂದು ಅದೂ ಇಲ್ಲ. ಟೊಮೆಟೊ, ಕಾಯಿತುರಿ, ಕೊತ್ತಂಬರಿ. ಬೆಂದ ಮೇಲೆ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಸೀದಾ ನಮ್ಮ ದೇವರ ಮನೆಗೆ ನಡೆದರು. ಒಂದು ಹೂವು ಇಟ್ಟರು, ಗಂಟೆ ಬಾರಿಸಿದರು, ಕಣ್ಣಿಗೊತ್ತಿಕೊಂಡರು. ಆಚೆ ಬಂದು ಎಲ್ಲರ ಕೈಗೂ ಒಂದೊಂದು ಚೂರು ಹಾಕಿದರು.

ನಾನು ಗಂಟಲು ಸರಿಮಾಡಿಕೊಂಡೆ. "ನಮ್ಮಲ್ಲಿ ಒಂದು ಪದ್ಧತಿ ಇದೆ. ಮಾಡಿದವರೇ..."

"ಅಯ್ಯೋ, ಪ್ರಸಾದ ಕಣ್ರೀ! ಬೇಡ ಅನ್ನಬಾರದು" ಎಂದು ನನ್ನ ಅಂಗೈಗೂ ಹಾಕಿದರು. ದೇವರೇ ನಡುವೆ ಬಂದ ಮೇಲೆ ಕ್ವಾಲಿಟಿ ವಿಭಾಗಕ್ಕೆ ಅಧಿಕಾರವಿಲ್ಲ. ತಿಂದೆ.

ಇದನ್ನೆಲ್ಲ ಒಬ್ಬಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಮೊಮ್ಮಗಳು. ಯುಕೆಜಿ. ಮುಂದಿನ ಭಾನುವಾರ ಅವಳು ಪಿಜ್ಜಾದ ಮೇಲೆ ಬಣ್ಣಬಣ್ಣದ ಚಾಕಲೇಟು ಗುಂಡು, ಹಸಿ ಬಟಾಣಿ, ಒಂದು ಮುಷ್ಟಿ ಜೀರಿಗೆ ಹಾಕಿದಳು. ಒಂದು ತುತ್ತು ಕಚ್ಚಿ ಯೋಚನೆ ಮಾಡಿದಳು. ಅಳಲಿಲ್ಲ, ಹಟ ಮಾಡಲಿಲ್ಲ. ತಟ್ಟೆ ಹಿಡಿದುಕೊಂಡು ಎದ್ದಳು.

"ಎಲ್ಲಿಗೆ ಪುಟ್ಟಿ?" ಎಂದಳು ನನ್ನ ಹೆಂಡತಿ. ಒಂದು ಕ್ಷಣದಲ್ಲಿ ದೇವರ ಮನೆಯಿಂದ ಗಂಟೆಯ ಸದ್ದು ಬಂತು.

"ಕಚ್ಚಿದ್ದನ್ನ ದೇವರಿಗೆ ಇಡ್ತಾರೇನೇ?" ಎಂದು ಅವಳಮ್ಮ ಗದರಿದರೆ, "ಕಚ್ಚಿದ್ ಕಡೆ ನನ್ ಕಡೆಗಿತ್ತಮ್ಮ, ದೇವರ ಕಡೆ ಫುಲ್ ಇತ್ತು" ಎಂದು ನಮ್ಮ ಕೈಗೆಲ್ಲ ಜೀರಿಗೆ, ಚಾಕಲೇಟು ಹಂಚಿದಳು.

ಅಲ್ಲಿಂದ ಮುಂದೆ ಭಾನುವಾರ ಮಧ್ಯಾಹ್ನ ದೇವರ ಮನೆಯಲ್ಲಿ ಗಂಟೆ ಬಾರಿಸಿದರೆ ಸಾಕು, ನಮ್ಮ ಮನೆಯ ಭಕ್ತರೆಲ್ಲ ಚಪ್ಪಲಿ ಹುಡುಕುತ್ತಿದ್ದರು.

ಯಾವ ಜಿಲ್ಲೆ?

ಅಂಗಡಿ ಬೇಸು ಸಾಕೆಂದು ನಾವು ಮನೆಯಲ್ಲೇ ಹಿಟ್ಟು ಕಲಸಲು ಶುರುಮಾಡಿದ ದಿನಗಳವು. ಮೊಮ್ಮಗಳು ಲಟ್ಟಿಸಿದ ಬೇಸಿಗೆ ಒಂದು ಕಡೆ ಬಾಲ, ಇನ್ನೊಂದು ಕಡೆ ಕೊಂಬು. "ದುಂಡಗೆ ಬರಬೇಕು. ತಟ್ಟೆ ಬೋರಲು ಹಾಕಿ ಕತ್ತರಿಸು" ಎಂದು ಹೇಳಲು ಬಾಯಿ ತೆರೆದವನು ಹಾಗೇ ಸುಮ್ಮನಾದೆ. ಅದೇ ಆಕಾರವನ್ನು ನಾನು ಎಲ್ಲೋ ನೋಡಿದ್ದೆ.

ನೋಡಿದ್ದು ರಾಜಾಜಿನಗರದಲ್ಲಿ. ನಮ್ಮ ಅಪ್ಪ, ಅಮ್ಮ ದಾವಣಗೆರೆ ಕಡೆಯಿಂದ ಬಂದು ಅಲ್ಲಿ ಬಾಡಿಗೆಗಿದ್ದರು. ಒಂದು ಕೋಣೆ, ಒಂದು ಅಡಿಗೆಮನೆ. ಅಮ್ಮ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ನಾನು. ಅಮ್ಮನ ಬಳೆ ಸದ್ದಿಗೂ ರೊಟ್ಟಿ ಬಡಿಯುವ ಸದ್ದಿಗೂ ತಾಳ ಕೂಡುತ್ತಿತ್ತು. ರೊಟ್ಟಿ ತಾನಾಗೇ ತಿರುಗುತ್ತ ತಿರುಗುತ್ತ ದೊಡ್ಡದಾಗುತ್ತಿತ್ತು. ಕೊನೆಗೆ ಉಳಿದ ಚೂರು ಹಿಟ್ಟು ನನ್ನ ಪಾಲಿಗೆ. ನಾನೂ ಬಡಿಯುತ್ತಿದ್ದೆ. ನನ್ನದು ತಿರುಗುತ್ತಿರಲಿಲ್ಲ. ಒಂದು ಕಡೆ ಬಿರಿಯುತ್ತಿತ್ತು, ಇನ್ನೊಂದು ಕಡೆ ನೆಲಕ್ಕೆ ಹತ್ತಿಕೊಳ್ಳುತ್ತಿತ್ತು.

ಅಮ್ಮ ಅದನ್ನೂ ಅಷ್ಟೇ ಮುತುವರ್ಜಿಯಿಂದ ಹಂಚಿನ ಮೇಲೆ ಹಾಕಿ, ನೀರು ಸವರಿ, ಬೇಯಿಸಿ, ತನ್ನ ತಟ್ಟೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಎಣ್ಣೆಗಾಯಿಯ ಜೊತೆ ಮೊದಲು ತಿನ್ನುತ್ತಿದ್ದುದೇ ಅದನ್ನು. ನನಗೆ ತನ್ನ ದುಂಡನೆಯ ಬಿಸಿ ರೊಟ್ಟಿ ಹಾಕುತ್ತಿದ್ದಳು. "ನಂದು ನಾನೇ ತಿಂತೀನಮ್ಮ" ಎಂದರೆ, "ನೀನು ಬಡಿದದ್ದು ನನಗೆ, ನಾನು ಬಡಿದದ್ದು ನಿನಗೆ" ಎನ್ನುತ್ತಿದ್ದಳು. ಅದು ಅರ್ಧ ಬೆಂದಿರುತ್ತಿತ್ತು, ಅರ್ಧ ಸೀದಿರುತ್ತಿತ್ತು. ಒಂದು ದಿನವೂ ಅವಳು ತಟ್ಟೆಯ ಅಂಚಿಗೆ ಒಂದು ಚೂರು ಸರಿಸಿದ್ದನ್ನು ನಾನು ನೋಡಲಿಲ್ಲ.

ಎಂದರೆ, ನಾನು ರೂಲು ಮಾಡುವ ಎಷ್ಟೋ ವರ್ಷ ಮುಂಚೆಯೇ ನಮ್ಮಮ್ಮ ಅದನ್ನು ಮುರಿದಿದ್ದಳು.

ಅಪ್ಪ ಊಟಕ್ಕೆ ಕೂತು ಅಮ್ಮನ ತಟ್ಟೆಯಲ್ಲಿದ್ದ ನನ್ನ ರೊಟ್ಟಿಯನ್ನು ನಕಾಶೆಯ ಹಾಗೆ ಬಗ್ಗಿ ನೋಡಿ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು:

"ಇವತ್ತು ಯಾವ ಜಿಲ್ಲೆ?"

ಅಮ್ಮ ತಿನ್ನುತ್ತಲೇ, "ಬಳ್ಳಾರಿ. ಈಗ ಅರ್ಧಕ್ಕೆ ಬಂದೀನಿ, ಮಧ್ಯ ಮಾತಾಡಿಸಬ್ಯಾಡ್ರಿ" ಎನ್ನುತ್ತಿದ್ದಳು.

ಏನೂ ಮಾಡದವರ ಪಾಲು

ಮೊಮ್ಮಗನ ಹುಟ್ಟುಹಬ್ಬವನ್ನು ಒಂದು ವರ್ಷ ನಮ್ಮ ಮನೆಯಲ್ಲೇ ಮಾಡಿದೆವು. ನಮ್ಮ ಕ್ರಾಸಿನ ಮಕ್ಕಳೆಲ್ಲ ಸೇರಿದರು. ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಬೇಸು. ಯಾರದು ಯಾವುದು ಎಂದು ಗೊತ್ತಾಗಬೇಕಲ್ಲ, ಅದಕ್ಕೆ ನಾನು ಕ್ರಮಬದ್ಧವಾಗಿ ವ್ಯವಸ್ಥೆ ಮಾಡಿದೆ. ಪ್ರತಿಯೊಬ್ಬರೂ ತಮ್ಮ ಪಿಜ್ಜಾದ ನಡುವೆ ಒಂದು ಗುರುತು ಇಡಬೇಕು. ಒಬ್ಬ ಗೋಡಂಬಿ ಇಟ್ಟ, ಒಬ್ಬಳು ದ್ರಾಕ್ಷಿ, ಇನ್ನೊಬ್ಬ ಜೋಳದ ಕಾಳು.

ಗುರುತಿನ ಮೇಲೆ ಚೀಸು ಹಾಕಬಾರದು ಎಂದು ಹೇಳುವುದನ್ನು ಬಿಟ್ಟಿದ್ದೆ. ಮಕ್ಕಳು ಮೊದಲು ಗುರುತು ಇಟ್ಟರು, ಆಮೇಲೆ ಅದರ ಮೇಲೆ ಎರಡು ಕೈಯಿಂದ ಚೀಸು ಸುರಿದರು. ಕಾವಲಿಯಿಂದ ಇಳಿದಾಗ ಎಲ್ಲ ಒಂದೇ ಮುಖ. ಕೆಲವು ಹದವಾಗಿ ಬೆಂದಿದ್ದವು, ಕೆಲವು ತಳ ಹಿಡಿದು ಕರ್ರಗಾಗಿದ್ದವು.

"ಇದು ಯಾರದು?" ಎಂದು ಚೆನ್ನಾಗಿ ಬೆಂದದ್ದನ್ನು ಎತ್ತಿ ಹಿಡಿದೆ. ಅಷ್ಟೂ ಕೈ ಮೇಲೆದ್ದವು.

"ಇದು?" ಎಂದು ಸೀದದ್ದನ್ನು ಎತ್ತಿದೆ. ಅಷ್ಟೂ ಕೈ ಬೆನ್ನ ಹಿಂದೆ ಹೋದವು. ಎರಡು ಜಡೆಯ ಒಬ್ಬ ಹುಡುಗಿ ಮಾತ್ರ ಮುಂದೆ ಬಂದು ಸಾಕ್ಷಿ ಹೇಳಿದಳು. "ಅದು ನಿಮ್ಮ ಮೊಮ್ಮಗಂದೇ ತಾತ. ನಮ್ಮನೇಲಿ ಯಾರೂ ಅಷ್ಟು ಸೀಯಿಸಲ್ಲ."

"ನಂದಲ್ಲ ಹೋಗೇ!" "ನಿಂದೇ ಕಣೋ!" ಎಂದು ಶುರುವಾಯಿತು. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಚಮಚದ ತುದಿಯಿಂದ ಚೀಸು ಸರಿಸಿ ಒಳಗಿನ ಗುರುತು ಹುಡುಕತೊಡಗಿದೆ. ಮೊದಲನೆಯದರಲ್ಲಿ ಗೋಡಂಬಿಯೂ ಇತ್ತು, ದ್ರಾಕ್ಷಿಯೂ ಇತ್ತು. ಅಕ್ಕಪಕ್ಕದವರು ಪರಸ್ಪರ ಸಹಾಯ ಮಾಡಿಕೊಂಡಿದ್ದರು.

ಪಿಜ್ಜಾ ಆರುತ್ತಿತ್ತು. ನನ್ನ ಹೆಂಡತಿ ಬಂದಳು. ನನ್ನ ಕೈಯಿಂದ ಚಮಚ ತೆಗೆದುಕೊಂಡಳು. ಅಷ್ಟನ್ನೂ ಚೂರು ಚೂರು ಮಾಡಿ, ದೊಡ್ಡ ಹರಿವಾಣಕ್ಕೆ ಸುರಿದು, ಕಲೆಸಿ ನಡುವೆ ಇಟ್ಟಳು. "ಈಗ ಇದು ಯಾರದ್ದೂ ಅಲ್ಲ. ತಿನ್ರೋ."

ಸೀದದ್ದೂ ಸೇರಿ ಹರಿವಾಣ ಖಾಲಿಯಾಗುತ್ತ ಬಂತು. ನಾನು ಕೈಕಟ್ಟಿಕೊಂಡು ನಿಂತಿದ್ದೆ. ಅದನ್ನು ನೋಡಿ ಎರಡು ಜಡೆಯ ಹುಡುಗಿಗೆ ಕರುಳು ಚುರುಕ್ ಅಂದಿತು.

"ಅಜ್ಜಿ, ಆ ತಾತಂಗೂ ಒಂದು ಚೂರು ಕೊಡಿ. ಪಾಪ, ಅವರು ಏನೂ ಮಾಡಿಲ್ಲ."

ತಾತನ ಸರದಿ

ಮೊಮ್ಮಗ ಈಗ ಒಂಬತ್ತನೇ ಕ್ಲಾಸು. ದನಿ ಒಡೆದಿದೆ, ನನಗಿಂತ ಎತ್ತರ. ಮೊದಲು ಒಂದು ಭಾನುವಾರ ತಪ್ಪಿಸಿದ, ಟ್ಯೂಷನ್ ಎಂದು. ಆಮೇಲೆ ಕ್ರಿಕೆಟ್. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ಅಣ್ಣ ಬರದಿದ್ದರೆ ನಾನೂ ಬರಲ್ಲ ಎಂದು ತಂಗಿ. ಅಡಿಗೆಮನೆಯಲ್ಲಿ ಕಾವಲಿ ಮತ್ತೆ ದೋಸೆಗಷ್ಟೇ ಆಯಿತು. ಚೀಸು ತುರಿಯುವ ಮಣೆಯ ಮೇಲೆ ನನ್ನ ಹೆಂಡತಿ ಕ್ಯಾರೆಟ್ ತುರಿಯತೊಡಗಿದಳು.

ಒಂದು ಭಾನುವಾರ ಹೊತ್ತು ಹೋಗದೆ, "ಮಕ್ಕಳಿಗೆ ಡಿಸಿಪ್ಲಿನ್ ಇಲ್ಲ. ಒಂದು ಫೋನಾದರೂ ಮಾಡಬೇಕೋ ಬೇಡವೋ?" ಎಂದೆ.

ಅವಳು ಸೊಪ್ಪು ಬಿಡಿಸುತ್ತ ತಲೆಯೆತ್ತದೆ ಹೇಳಿದಳು. "ಮಾಡಿದವರೇ ತಿನ್ನಬೇಕು ಅಂತೀರಲ್ಲ. ರೂಲು ಮಾಡಿದ್ದು ಯಾರು? ನೀವೇ ಅಲ್ವಾ? ತಿನ್ನಿ."

ಮಧ್ಯಾಹ್ನ ನಾನೇ ಫೋನ್ ಮಾಡಿದೆ. "ಬರೋ ವಾರ ಬಾರೋ. ಪಿಜ್ಜಾ ಮಾಡೋಣ."

"ತಾತ, ಒಂದು ಕಂಡೀಷನ್" ಎಂದಿತು ಒಡೆದ ದನಿ. "ಇಷ್ಟು ವರ್ಷ ನಾವು ಮಾಡಿದ್ವಿ, ನೀವು ನೋಡಿದ್ರಿ. ಈ ಸಲ ನೀವು ಮಾಡಿ, ನಾವು ನೋಡ್ತೀವಿ. ರೂಲು ಅದೇ."

"ಆಯ್ತು" ಎಂದೆ. ಅದರಲ್ಲೇನು ಕಷ್ಟ? ಇಷ್ಟು ವರ್ಷ ಪಕ್ಕದಲ್ಲಿ ನಿಂತು ಇನ್ಸ್‌ಪೆಕ್ಷನ್ ಮಾಡಿದವನಿಗೆ ಗೊತ್ತಿಲ್ಲದ್ದು ಏನಿದೆ?

ಆ ಭಾನುವಾರ ಮೊಮ್ಮಗ ತಂಗಿಯನ್ನು ಕರೆದುಕೊಂಡು ಕೆಂಗೇರಿಯಿಂದ ಮೆಟ್ರೋ ಹತ್ತಿ ವಿಜಯನಗರದಲ್ಲಿಳಿದು, ಆಟೊ ಮಾಡಿಕೊಂಡು ತಾನೇ ಬಂದ. ಬಂದವನು ಅಡಿಗೆಮನೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೈಕಟ್ಟಿ ಕೂತ. ಥೇಟ್ ನಾನು ಕೂರುತ್ತಿದ್ದ ಹಾಗೆ. ತಂಗಿ ಪಕ್ಕದಲ್ಲಿ ನಿಂತು ಮುಖ ಗಂಟಿಕ್ಕಿಕೊಂಡಳು, ಅದೂ ನನ್ನದೇ.

ಮೈದಾ ಆರೋಗ್ಯಕ್ಕೆ ಒಳ್ಳೆಯದಲ್ಲ. ಗೋಧಿಹಿಟ್ಟಿಗೆ ರಾಗಿಹಿಟ್ಟು ಬೆರೆಸಿದೆ. ಹಿಟ್ಟು ಅಂಟಿಕೊಳ್ಳುವುದು ಅಶಿಸ್ತು, ಹಾಗಾಗಿ ಗಟ್ಟಿಯಾಗಿ ಕಲಸಿದೆ. "ಮೊಸರು ಹಾಕಿ, ಸ್ವಲ್ಪ ಸೋಡಾ ಹಾಕಿ" ಎಂದಳು ಹೆಂಡತಿ. ಸೋಡಾ ನನಗೆ ಆಗುವುದಿಲ್ಲ. ಲಟ್ಟಿಸಿ, ತಟ್ಟೆ ಬೋರಲು ಹಾಕಿ, ಚಾಕು ತಿರುಗಿಸಿ ಕತ್ತರಿಸಿದೆ. ಕಾರ್ಖಾನೆಯಿಂದ ನಿವೃತ್ತನಾಗುವಾಗ ಕೊಟ್ಟಿದ್ದ ಸ್ಟೀಲ್ ಸ್ಕೇಲು ಇಟ್ಟು ದಪ್ಪ ನೋಡಿದೆ, ಎಲ್ಲಿಟ್ಟರೂ ಒಂದೇ. ದಪ್ಪ ಮೆಣಸಿನಕಾಯಿಯ ಹೋಳುಗಳನ್ನು ಒಂದೇ ಅಂತರದಲ್ಲಿ ಜೋಡಿಸಿದೆ.

"ತಾತ, ಸೂಪರ್ ರೌಂಡ್" ಎಂದಳು ಮೊಮ್ಮಗಳು. ಜೀವಮಾನದಲ್ಲಿ ನಾನು ಮಾಡಿದ ಮೊದಲ ದುಂಡನೆಯ ತಿಂಡಿ ಅದು. ಅಮ್ಮ ಇರಬೇಕಿತ್ತು ಅನ್ನಿಸಿತು.

ಸಣ್ಣ ಉರಿ. ಮುಚ್ಚಳ. ಒಳಗಿನದು ಬೆಂದಿತೆಂದು ಖಚಿತವಾಗುವವರೆಗೂ ಇಟ್ಟೆ. ಆಮೇಲೆ ಇನ್ನೂ ಖಚಿತವಾಗಲಿ ಎಂದು ಇನ್ನೂ ಸ್ವಲ್ಪ ಹೊತ್ತು.

ತಟ್ಟೆಗೆ ಜಾರಿಸಿದಾಗ ಠಣ್ ಎಂದಿತು. ಚಾಕು ಇಟ್ಟೆ, ಇಳಿಯಲಿಲ್ಲ. ನನ್ನ ಹೆಂಡತಿ ತೆಂಗಿನಕಾಯಿ ಒಡೆಯುವ ಕತ್ತಿಯನ್ನು ಸದ್ದಿಲ್ಲದೆ ತಂದು ಪಕ್ಕದಲ್ಲಿಟ್ಟಳು. ಬೇಡ ಎಂದೆ. ಎರಡು ಕೈಯಲ್ಲಿ ಹಿಡಿದು ಅಂಚನ್ನು ಕಚ್ಚಿದೆ. ಒಂದು ಚೂರು ಬಂತು. ಪಿಜ್ಜಾದ್ದೋ ಹಲ್ಲಿನದೋ ಎಂದು ನಾಲಿಗೆಯಿಂದ ವಿಚಾರಿಸಬೇಕಾಯಿತು. ಪಿಜ್ಜಾದ್ದೇ.

"ಹೇಗಿದೆ ತಾತ?" ಎಂದ ಮೊಮ್ಮಗ.

"ಪೌಷ್ಟಿಕವಾಗಿದೆ."

"ಪೂರ್ತಿ ತಿನ್ನಬೇಕು."

"ಗೊತ್ತು ಕಣೋ." ರೂಲು ಮಾಡಿದವನು ಹಿಂದೆ ಸರಿಯುವ ಹಾಗಿಲ್ಲ. ಎರಡನೇ ಸಲ ಕಚ್ಚಿದೆ. ಈ ಸಲ ಬಂದ ಸದ್ದು ಅಡಿಗೆಮನೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ರೀ, ಸಾಕು!" ಹೆಂಡತಿ ತಟ್ಟೆಯನ್ನೇ ಕಿತ್ತುಕೊಂಡಳು. "ಹಲ್ಲಿನ ಡಾಕ್ಟರು ಭಾನುವಾರ ಇರಲ್ಲ. ಹಸು ಬಂದಿರುತ್ತೆ, ಹಾಕ್ತೀನಿ."

"ಬೇಡ. ತಿಂತೀನಿ" ಎಂದು ನಾನು ಹಿಂದೆಯೇ ಹೋದೆ. ನನ್ನ ಹಿಂದೆ ಮಕ್ಕಳು. ಗೇಟಿನ ಆಚೆ ಆ ಕಂದು ಹಸು ಬಂದು ನಿಂತಿತ್ತು. ಅದಕ್ಕೂ ಈಗ ವಯಸ್ಸಾಗಿದೆ, ಆದರೆ ಹೊತ್ತು ತಪ್ಪಿಲ್ಲ, ಹಸಿವೂ ತಪ್ಪಿಲ್ಲ. ಹೆಂಡತಿ ಅದರ ಕೊರಳು ಸವರಿ, "ತಗೋಮ್ಮ" ಎಂದು ನನ್ನ ಪಿಜ್ಜಾವನ್ನು ಮೂತಿಯ ಮುಂದೆ ಹಿಡಿದಳು.

ಹಸು ಮೂಸಿತು. ಜೋರಾಗಿ ಒಮ್ಮೆ ಉಸಿರು ಬಿಟ್ಟಿತು. ಮೇಲಿದ್ದ ಒಂದು ಹೋಳು ಹಾರಿ ಕೆಳಗೆ ಬಿತ್ತು. ನಾಲಿಗೆ ಚಾಚಿ ಅಂಚನ್ನು ಒಂದಿಷ್ಟು ಮುಟ್ಟಿ ನೋಡಿತು. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡುತ್ತ ನಿಂತಿತು.

ಮೊಮ್ಮಗ ಗೇಟಿಗೆ ಒರಗಿ, ಒಡೆದ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದ. "ಹಸು ಮಾಡಿದ್ದಾ ತಾತ? ಇಲ್ವಲ್ಲ. ಮತ್ತೆ ಅದ್ಯಾಕೆ ತಿನ್ನಬೇಕು?"

ಮೊದಲು ಮೊಮ್ಮಗಳು ನಕ್ಕಳು. ಆಮೇಲೆ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಹುಡುಗ ನಗುತ್ತ ನಗುತ್ತ ಮೆಟ್ಟಿಲ ಮೇಲೆ ಕೂತೇಬಿಟ್ಟ. ಬೂಂದಿ, ಬಾಳೆಹಣ್ಣಿನ ಕಾಲದ ನಗು ಅದು, ದನಿ ಮಾತ್ರ ಬೇರೆ. ಕಣ್ಣೊರೆಸಿಕೊಳ್ಳುತ್ತ, "ತಾತ, ಬರೋ ವಾರಾನೂ ನೀವೇ ಮಾಡ್ಬೇಕು. ನಾನು ಬೇಗ ಬರ್ತೀನಿ. ಹಸು ಬರೋಕೆ ಮುಂಚೆ ಬಂದಿರ್ತೀನಿ" ಎಂದ.

"ಬಾ. ಟೈಮಿಗೆ ಸರಿಯಾಗಿ ಬಾ" ಎಂದೆ. ಅದಕ್ಕಿಂತ ಹೆಚ್ಚು ಮಾತಾಡಲು ಬಾಯಲ್ಲಿ ಜಾಗವಿರಲಿಲ್ಲ. ಎರಡನೇ ತುತ್ತು ಇನ್ನೂ ಹಾಗೇ ಇತ್ತು.

ಅಷ್ಟರಲ್ಲಿ ಹಸು ನಮಗೆ ಬೆನ್ನು ಹಾಕಿತು. ನಿಧಾನವಾಗಿ ರಸ್ತೆ ದಾಟಿತು. ಎದುರು ಮನೆಯ ಗೇಟಿನ ಪಕ್ಕ, ಅವರ ಮೊಮ್ಮಕ್ಕಳು ಬೆಳಿಗ್ಗೆ ಅಂಗಡಿಯಿಂದ ತರಿಸಿಕೊಂಡ ಪಿಜ್ಜಾದ ಖಾಲಿ ರಟ್ಟಿನ ಡಬ್ಬ ಬಿದ್ದಿತ್ತು. ಅದರ ಮುಂದೆ ನಿಂತು, ಮುಚ್ಚಳವನ್ನು ಮೂತಿಯಿಂದ ಸರಿಸಿ, ಡಬ್ಬವನ್ನು ಒಂದು ಮೂಲೆಯಿಂದ ಕಣ್ಣು ಮುಚ್ಚಿಕೊಂಡು ಸವಿಯುತ್ತ ತಿನ್ನತೊಡಗಿತು.